ಐದು ಹೆಂಗಸರು, ಒಂದೇ ಫೋನ್ ನಂಬರು

ಬಂಡೂರು, ಮಳವಳ್ಳಿ ತಾಲ್ಲೂಕು
೯ ಜೂನ್ ೨೦೨೫

ಮಾನ್ಯ ಕನಕಲಕ್ಷ್ಮಿಯವರಿಗೆ,

ನಮಸ್ಕಾರ. ಇವತ್ತು ಬೆಳಿಗ್ಗೆ ಮಂಡ್ಯದಲ್ಲಿ ಬಸ್ಸಿಳಿದು ಆಸ್ಪತ್ರೆಯ ಕಡೆ ನಡೆಯುವಾಗ ‘ತೆರಿಗೆ ಸಲಹೆಗಾರರು’ ಎಂಬ ನಿಮ್ಮ ಬೋರ್ಡು ಕಂಡಿತು. ಅದರಲ್ಲಿ ಫೋನ್ ನಂಬರಿನ ಮೇಲೆ ಬಿಳಿ ಬಣ್ಣ ಬಳಿದು, ಕೆಳಗೆ ಕೈಯಲ್ಲೇ ‘ಪತ್ರ ಬರೆದು ಕೇಳಿ’ ಎಂದು ಬರೆದಿತ್ತು. ಬಣ್ಣ ತೆಳುವಾಗಿದ್ದರಿಂದ ಅಡಿಯ ಅಂಕಿಗಳು ಇನ್ನೂ ಓದುವಂತಿದ್ದವು. ಫೋನ್ ಮಾಡಬಹುದಿತ್ತು. ಬರೆಯುವುದೇ ನನಗೆ ಸುಲಭ, ಹಾಗಾಗಿ ವಿಳಾಸ ಗುರುತು ಹಾಕಿಕೊಂಡು ಬಂದೆ.

ನನ್ನ ಹೆಸರು ಮಂಜುಶ್ರೀ. ಕನ್ನಡ ಎಂ.ಎ. ಮುಗಿಸಿ ಎರಡು ವರ್ಷವಾಯಿತು. ಮುಂಬೈನ ಒಂದು ಕಂಪನಿಗೆ ವಸ್ತುಗಳನ್ನು ಕೊಂಡು ಕಳಿಸುವ ಕೆಲಸ ಮಾಡುತ್ತೇನೆ. ಸಂಬಳವಿಲ್ಲ, ಒಂದೊಂದು ಕೆಲಸಕ್ಕೆ ಇಷ್ಟು ಎಂದು ಕೊಡುತ್ತಾರೆ. ವಸ್ತುವಿಗೆ ನಾನು ಹಾಕಿದ ಹಣವನ್ನೂ ನನ್ನ ಶುಲ್ಕವನ್ನೂ ಸೇರಿಸಿ ಒಟ್ಟಿಗೆ ಖಾತೆಗೆ ಹಾಕುತ್ತಾರೆ. ಹಾಕುವಾಗ ನೂರಕ್ಕೆ ಹತ್ತು ರೂಪಾಯಿ ಟಿಡಿಎಸ್ ಹಿಡಿದುಕೊಳ್ಳುತ್ತಾರೆ. ಹೋದ ವಾರ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ನನ್ನ ಪ್ಯಾನ್ ನಂಬರ್ ಹಾಕಿ ನೋಡಿದೆ. ಕಳೆದ ವರ್ಷ ನನಗೆ ಎರಡು ಲಕ್ಷ ಎಂಬತ್ತು ಸಾವಿರ ಬಂದಿದೆ ಎಂದು ಅಲ್ಲಿದೆ. ಅದರ ಮೂರನೇ ಒಂದು ಭಾಗವೂ ನನ್ನ ಕೈಗೆ ಉಳಿದಿಲ್ಲ.

ಹಿಡಿದ ಹಣ ಹೋದರೆ ಹೋಗಲಿ ಎಂದು ಸುಮ್ಮನಿರಬಹುದಿತ್ತು. ಕಷ್ಟ ಇರುವುದು ರೇಷನ್ ಕಾರ್ಡಿನಲ್ಲಿ. ನಮ್ಮದು ಬಿಪಿಎಲ್ ಕಾರ್ಡು. ಅಜ್ಜಿ ಮರಿತಾಯಮ್ಮನಿಗೆ ಸೋಮವಾರ, ಗುರುವಾರ ಮಂಡ್ಯದಲ್ಲಿ ಡಯಾಲಿಸಿಸ್ ಆಗುತ್ತದೆ. ಆ ಕಾರ್ಡು ಇರುವುದರಿಂದ ದುಡ್ಡಿಲ್ಲದೆ ಆಗುತ್ತದೆ. ಹೋದ ತಿಂಗಳು ನ್ಯಾಯಬೆಲೆ ಅಂಗಡಿಯ ಲಿಂಗಯ್ಯನವರು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: “ಐಟಿ ಕಟ್ದೋರ್ ಕಾರ್ಡೆಲ್ಲ ಓಯ್ತಾವೆ ಕಣ್ರವ್ವ. ಮ್ಯಾಲಿಂದ ಲಿಸ್ಟ್ ಬತ್ತದೆ. ಆಮ್ಯಾಕೆ ನನ್ ಮುಂದೆ ಬಂದು ಬಾಯ್ ಬಡ್ಕೊಂಡ್ರೆ ನಾನೇನ್ ಮಾಡಕಾಯ್ತದೆ.”

ನನ್ನ ಹಿಂದಿದ್ದ ಹೆಂಗಸು, “ಐಟಿ ಕಟ್ಟೋವಷ್ಟ್ ಇದ್ದಿದ್ರೆ ನಿನ್ ನುಚ್ಚಕ್ಕಿಗೆ ಯಾಕ್ ನಿಂತ್ಕತಿದ್ದೋ ಬುಡಣ್ಣೋ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಕಿಯ ಚೀಲ ಹೊತ್ತು ಮನೆಗೆ ಬರುವವರೆಗೂ ಆ ಎರಡು ಲಕ್ಷ ಎಂಬತ್ತು ಸಾವಿರವೇ ತಲೆಯಲ್ಲಿತ್ತು.

ನಾನು ರಿಟರ್ನ್ ಸಲ್ಲಿಸಬೇಕೇ? ಸಲ್ಲಿಸದೆ ಸುಮ್ಮನಿದ್ದರೆ ಕಾರ್ಡು ಉಳಿಯುತ್ತದೆಯೇ? ನಿಮ್ಮ ಶುಲ್ಕ ಎಷ್ಟೆಂದು ತಿಳಿಸಿದರೆ ಕಳಿಸುತ್ತೇನೆ.

ಇತಿ,
ಮಂಜುಶ್ರೀ


ಮಂಡ್ಯ
೧೪ ಜೂನ್ ೨೦೨೫

ಮಂಜುಶ್ರೀ ಅವರಿಗೆ,

ಪತ್ರ ತಲುಪಿತು. ಅಕ್ಷರ ಚೆನ್ನಾಗಿದೆ, ವಿಷಯ ಅರ್ಧ ಇದೆ.

ಮೊದಲು ಗೊತ್ತಿರುವುದನ್ನು ಹೇಳುತ್ತೇನೆ. ನೀವು ಆ ಕಂಪನಿಯ ನೌಕರರಲ್ಲ. ನಿಮ್ಮದು ಸ್ವಂತ ಕೆಲಸ, ಹಾಗಾಗಿ ಅದು ಸಂಬಳವಲ್ಲ, ವೃತ್ತಿಯ ಆದಾಯ. ಇಷ್ಟು ಮೊತ್ತಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಬರುವುದಿಲ್ಲ. ಹಿಡಿದ ಟಿಡಿಎಸ್ ಪೂರ್ತಿ ವಾಪಸು ಬರಬೇಕು, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ. ಸುಮ್ಮನಿದ್ದರೆ ಕಾರ್ಡು ಉಳಿಯುತ್ತದೆ ಎಂಬ ಲೆಕ್ಕ ತಪ್ಪು. ನೀವು ಸುಮ್ಮನಿದ್ದರೂ ಇಲಾಖೆಯ ಪುಟದಲ್ಲಿ ಆ ಎರಡು ಲಕ್ಷ ಎಂಬತ್ತು ಸಾವಿರ ಸುಮ್ಮನಿರುವುದಿಲ್ಲ. ಅದು ನಿಮ್ಮ ಆದಾಯವಲ್ಲ, ಅದರಲ್ಲಿ ಬಹುಪಾಲು ಬೇರೆಯವರ ವಸ್ತುವಿಗೆ ಕೊಟ್ಟ ಹಣ ಎಂದು ಹೇಳುವ ಜಾಗ ರಿಟರ್ನ್ ಒಂದೇ. ಹೇಳಿದರೆ ಸಾಲದು, ತೋರಿಸಬೇಕು.

ಬ್ಯಾಂಕ್ ವಿವರ, ವಸ್ತು ಕೊಂಡ ಬಿಲ್ಲುಗಳು, ಕಂಪನಿಯ ಒಪ್ಪಂದ ಕಳಿಸಿ. ಗಡುವನ್ನು ಸೆಪ್ಟೆಂಬರ್ ಹದಿನೈದಕ್ಕೆ ಮುಂದೂಡಿದ್ದಾರೆ, ಸಮಯವಿದೆ.

ಫೋನಿನಲ್ಲಿ ನನಗೆ ಸರಿಯಾಗಿ ಕೇಳಿಸುವುದಿಲ್ಲ. ಎದುರಿಗೆ ಕುಳಿತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಬರುವುದಾದರೆ ಹತ್ತು ಗಂಟೆಯ ಮೇಲೆ ಬನ್ನಿ. ಬರೆಯುವುದಾದರೂ ಅಡ್ಡಿಯಿಲ್ಲ.

ಕನಕಲಕ್ಷ್ಮಿ


ಬಂಡೂರು
೨೩ ಜೂನ್ ೨೦೨೫

ಮಾನ್ಯರೇ,

ಬ್ಯಾಂಕ್ ವಿವರ ಮತ್ತು ಬಿಲ್ಲುಗಳು ಇದರೊಂದಿಗಿವೆ. ಒಪ್ಪಂದವನ್ನು ಬೇರೆಯವರಿಗೆ ತೋರಿಸಬಾರದು ಎಂದು ಅದರಲ್ಲೇ ಬರೆದಿದೆ. ಅದಿಲ್ಲದೆ ಆಗುವುದಾದರೆ ಒಳ್ಳೆಯದು.

ಬಿಲ್ಲುಗಳನ್ನು ಜಗಲಿಯ ಮೇಲೆ ಹರಡಿಕೊಂಡು ತಾರೀಖಿನ ಪ್ರಕಾರ ಜೋಡಿಸುತ್ತಿದ್ದಾಗ ಅಣ್ಣ ಶಿವರಾಮು ಗೂಡ್ಸ್ ಆಟೋ ನಿಲ್ಲಿಸಿ ಬಂದ. “ಏನವ್ವ, ಅಂಗ್ಡಿ ಮಡುಗ್ತೀಯಾ? ಮಿಕ್ಸಿ, ಚಪ್ಲಿ, ಮೊಬೈಲು, ಪೆಟ್ರೋಲು. ನಿಂಗೆ ಗಾಡೀನೇ ಇಲ್ವಲ್ಲ, ಪೆಟ್ರೋಲ್ ಏನ್ ಕುಡಿಯಕ್ಕಾ?” ಎಂದ. ಗೆಳತಿಯ ಸ್ಕೂಟರಿಗೆ ಹಾಕಿಸಿದ್ದು ಎಂದೆ. ಅದು ನಿಜವೇ.

ಕೊರಿಯರಿಗೆ ಕಟ್ಟುವಾಗ ಅಜ್ಜಿ ಬಂದು, “ದೊಡ್ಡೋರ್ಗೆ ಬರೀ ಕಾಗ್ದ ಕಳುಸ್ತಾರಾ?” ಎಂದು ನಾಲ್ಕು ಅಚ್ಚು ಬೆಲ್ಲ ತಂದಿಟ್ಟರು. ಕೊತ್ತತ್ತಿಯಲ್ಲಿರುವ ನಮ್ಮ ಸೋದರಮಾವನ ಆಲೆಮನೆಯದು, ಔಷಧಿ ಹಾಕದ ಬೆಲ್ಲ. ಬೇಡ ಎನ್ನಲು ಆಗಲಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ.

ಮಂಜುಶ್ರೀ


ಮಂಡ್ಯ
೨ ಜುಲೈ ೨೦೨೫

ಮಂಜುಶ್ರೀ ಅವರಿಗೆ,

ಬಿಲ್ಲುಗಳನ್ನು ಎರಡು ದಿನ ನೋಡಿದೆ. ಮಿಕ್ಸಿ ಕೊಂಡವರು ಆಶ್ರಿತಾ. ಮೊಬೈಲ್ ಕೊಂಡವರು ನಾಗಶ್ರೀ. ಚಪ್ಪಲಿ ತನ್ಮಯಿ, ಕನ್ನಡಕ ನಯನ, ಸೀರೆ ಚಂಪಕಾ. ಐದು ಹೆಂಗಸರು, ಒಂದೇ ಫೋನ್ ನಂಬರು. ಆ ನಂಬರು ನೀವು ಲಕೋಟೆಯ ಮೇಲೆ ಬರೆದಿರುವ ನಂಬರೇ. ಮಂಜುಶ್ರೀ ಎಂಬ ಹೆಸರಿನಲ್ಲಿ ಒಂದು ಬಿಲ್ಲೂ ಇಲ್ಲ.

ಇದಕ್ಕೆ ನಮ್ಮ ಕೆಲಸದಲ್ಲಿ ಒಂದೇ ಅರ್ಥ. ಯಾರದೋ ಹಣವನ್ನು ಯಾರದೋ ಹೆಸರಿನಲ್ಲಿ ಓಡಾಡಿಸಲು ನಿಮ್ಮ ಖಾತೆಯನ್ನು ಬಳಸುತ್ತಿದ್ದಾರೆ, ಅದು ನಿಮಗೆ ಗೊತ್ತಿದೆ. ಇಂಥ ಕಡತವನ್ನು ನಾನು ಮುಟ್ಟುವುದಿಲ್ಲ.

ಎಲ್ಲವನ್ನೂ ಹಿಂದಿರುಗಿಸಿದ್ದೇನೆ, ಬೆಲ್ಲವನ್ನೂ ಸೇರಿಸಿ. ಶುಲ್ಕ ಬೇಡ.

ಕನಕಲಕ್ಷ್ಮಿ


ಬಂಡೂರು
೩೦ ಜುಲೈ ೨೦೨೫

ಮಾನ್ಯರೇ,

ನಾಲ್ಕು ವಾರ ಬರೆಯಲಿಲ್ಲ. ಬೆಲ್ಲ ವಾಪಸು ಬಂದದ್ದನ್ನು ಅಜ್ಜಿ ನೋಡಿದರು. ಕಟ್ಟಿದ ಗಂಟು ಹಾಗೇ ಇತ್ತು. “ನಮ್ ಮನೇದು ಅವ್ರು ತಿನ್ನಕಿಲ್ಲ ಕಣೆ, ಬುಡು” ಎಂದು ಎತ್ತಿಟ್ಟರು. ನಾನೂ ಹಾಗೆಯೇ ಅಂದುಕೊಂಡೆ. ನಮ್ಮ ಕಡೆ ಇದು ಹೊಸದಲ್ಲವಾದ್ದರಿಂದ ಪತ್ರದಲ್ಲಿದ್ದ ಬೇರೆ ಮಾತುಗಳನ್ನು ಸರಿಯಾಗಿ ಓದಲೇ ಇಲ್ಲ.

ಮೊನ್ನೆ ಮತ್ತೆ ತೆಗೆದು ಓದಿದೆ. ನೀವು ಸಂಶಯಪಟ್ಟದ್ದು ನ್ಯಾಯವಾಗಿದೆ ಅನ್ನಿಸಿತು. ನನ್ನ ಉತ್ತರ ಇದು.

ಆ ಐದೂ ಜನ ನಾನೇ.

ನನ್ನ ಕೆಲಸಕ್ಕೆ ಮಿಸ್ಟರಿ ಶಾಪಿಂಗ್ ಎನ್ನುತ್ತಾರೆ. ದೊಡ್ಡ ಕಂಪನಿಗಳು ತಮ್ಮ ಅಂಗಡಿಯವರು ಗ್ರಾಹಕರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ತಿಳಿಯಲು ಸಾಮಾನ್ಯ ಗ್ರಾಹಕರಂತೆ ನಮ್ಮನ್ನು ಕಳಿಸುತ್ತವೆ. ಹೋಗಿ ಕೊಳ್ಳಬೇಕು, ಮಾತಾಡಬೇಕು, ಹೊರಗೆ ಬಂದು ವರದಿ ಬರೆಯಬೇಕು. ಕೊಂಡದ್ದನ್ನು ಕಂಪನಿಗೆ ಕಳಿಸಬೇಕು. ಮದ್ದೂರಿನ ಒಂದು ಹೋಟೆಲಿಗೆ ಹೋಗಿದ್ದೆ. ವಡೆ ತಂದಿಟ್ಟಾಗ ಬಿಸಿಯಾಗಿತ್ತೇ, ತಂದವರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೇ ಎಂದು ವರದಿಯಲ್ಲಿ ಕೇಳಿದ್ದರು. ನಾನೇ ಯಾರ ಕಣ್ಣನ್ನೂ ನೋಡುವವಳಲ್ಲ, ಅದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ.

ಹೆಸರಿನ ವಿಷಯ. ಕಂಪನಿ ಸುಳ್ಳು ಹೆಸರು ಹೇಳು ಎಂದಿರಲಿಲ್ಲ. ಏಕೆ ಬಂದಿದ್ದೇನೆ ಎಂದು ಹೇಳಬಾರದು, ಅಷ್ಟೇ. ಮೊದಲ ಸಲ ಮಂಡ್ಯದ ಅಂಗಡಿಯೊಂದರಲ್ಲಿ ಬಿಲ್ ಹಾಕುವವನು ತಲೆಯೆತ್ತದೆ, “ಎಸ್ರೇಳಿ ಮೇಡಂ” ಎಂದ. ಅಲ್ಲಿಯವರೆಗೆ ಅರ್ಧ ಗಂಟೆ ಚೌಕಾಸಿ ಮಾಡಿದ್ದೆ, ಎರಡು ಮಿಕ್ಸಿ ತೆಗೆಸಿ ಜಾರ್ ತಿರುಗಿಸಿ ನೋಡಿದ್ದೆ, ‘ನಮ್ಮ ಅತ್ತೆಗೆ ಇದು ಒಪ್ಪಿಗೆಯಾಗಲ್ಲ’ ಎಂದೂ ಹೇಳಿದ್ದೆ. ನನಗೆ ಅತ್ತೆಯೇ ಇಲ್ಲ. ಅಷ್ಟೆಲ್ಲ ಮಾತಾಡಿದವಳಿಗೆ ನನ್ನ ಹೆಸರು ಕೊಡಲು ಮನಸ್ಸಾಗಲಿಲ್ಲ. ಅವಳು ಬೇರೆ ಯಾರೋ ಅನ್ನಿಸಿತು. ಆಶ್ರಿತಾ ಎಂದೆ. ಮುಂದಿನ ಸಲ ಬೇರೆ ಥರದ ಹೆಂಗಸು ಬೇಕಾಯಿತು, ನಾಗಶ್ರೀ ಆದೆ. ನಾಗಶ್ರೀಗೆ ಯಾವುದೂ ಹಿಡಿಸುವುದಿಲ್ಲ. ತನ್ಮಯಿ ಎಲ್ಲದಕ್ಕೂ ಥ್ಯಾಂಕ್ಸ್ ಹೇಳುತ್ತಾಳೆ. ಫೋನ್ ನಂಬರು ಮಾತ್ರ ನನ್ನದನ್ನೇ ಕೊಡುತ್ತಿದ್ದೆ, ಬಿಲ್ಲು ಮೆಸೇಜಿನಲ್ಲಿ ಬರಬೇಕಲ್ಲ.

ಇದರಿಂದ ತೆರಿಗೆಗೆ ತೊಂದರೆಯಾಗುತ್ತದೆ ಎಂದು ಯೋಚಿಸಿರಲಿಲ್ಲ. ಈ ಕೆಲಸದ ಬಗ್ಗೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲು ಹೇಳಿದ್ದು ನಿಮಗೇ.

ಮಂಜುಶ್ರೀ


ಮಂಡ್ಯ
೬ ಆಗಸ್ಟ್ ೨೦೨೫

ಮಾನ್ಯ ಗ್ರಾಹಕರಾದ ಶ್ರೀಮತಿ / ಕುಮಾರಿ ಮಂಜುಶ್ರೀ ಅವರಿಗೆ,

ತಾವು ನಮ್ಮ ಸೇವೆಯನ್ನು ಆಯ್ದುಕೊಂಡದ್ದಕ್ಕೆ ಕೃತಜ್ಞತೆಗಳು.

ತಮ್ಮ ಪ್ರಶ್ನೆಗೆ ಉತ್ತರ: ಬಿಲ್ಲಿನಲ್ಲಿ ಯಾರ ಹೆಸರಿದ್ದರೂ, ಕಂಪನಿಯವರು ಆಯಾ ಕೆಲಸಕ್ಕೆ ಪಾವತಿಸಿದ ಹಣದಲ್ಲಿ ಶುಲ್ಕ ಎಷ್ಟು, ವಸ್ತುವಿನ ಬೆಲೆ ಎಷ್ಟು ಎಂದು ಬಿಡಿಸಿ ಕೊಟ್ಟ ವಾರ್ಷಿಕ ವಿವರ ಇದ್ದರೆ ಅದೇ ಮುಖ್ಯ ಆಧಾರ. ಬಿಲ್ಲುಗಳು ಅದಕ್ಕೆ ಹೊಂದಿದರೆ ಸಾಕು, ಫೋನ್ ನಂಬರು ತಮ್ಮದೇ ಆಗಿರುವುದು ಸಹಾಯಕ. ಬಹಳಷ್ಟು ಕಂಪನಿಗಳ ಪೋರ್ಟಲಿನಲ್ಲಿ ಈ ವಿವರ ಸಿಗುತ್ತದೆ. ತೆಗೆದು ಕಳಿಸುವುದು. ಇನ್ನು ಮುಂದೆ ಬಿಲ್ಲುಗಳನ್ನು ತಮ್ಮ ಪ್ಯಾನಿನಲ್ಲಿರುವ ಹೆಸರಿನಲ್ಲೇ ಪಡೆಯುವುದು. ಈ ಮಾಹಿತಿಯನ್ನು ಕೇಳಿದ ಎಲ್ಲರಿಗೂ ಇದೇ ರೀತಿ ಕೊಡುತ್ತೇನೆ.

ಉತ್ತರಕ್ಕೆ ತೆಗೆದುಕೊಂಡ ಸಮಯ, ಪತ್ರ ಸೇರಿದ ಮೂರನೆಯ ದಿನ. ಭಾಷೆ ಸೌಜನ್ಯಯುತ. ಇಷ್ಟು ತಮ್ಮ ವರದಿಗೆ ಸಾಕಾಗಬಹುದು.

ಇನ್ನೊಂದು ಮಾತನ್ನೂ ಅದರಲ್ಲಿ ಸೇರಿಸಿಕೊಳ್ಳಿ. ಹೋದ ವರ್ಷದವರೆಗೆ ನಾನು ಆನ್‌ಲೈನ್‌ನಲ್ಲಿ ರಿಟರ್ನ್ ತುಂಬಿಸುವ ಒಂದು ಸಂಸ್ಥೆಯ ಮಂಡ್ಯದ ಪ್ರತಿನಿಧಿಯಾಗಿದ್ದೆ. ಯಾರೋ ಒಬ್ಬರು ಗ್ರಾಹಕರಂತೆ ಬಂದು ಹೋದರು. ಆಮೇಲೆ ಸಂಸ್ಥೆಯವರು ಅವರ ವರದಿಯ ಒಂದು ಪುಟವನ್ನು ನನಗೆ ಕಳಿಸಿದರು: ‘ಸಿಬ್ಬಂದಿ ಹೇಳಿದ್ದನ್ನು ಎರಡೆರಡು ಸಲ ಕೇಳುತ್ತಾರೆ, ಗ್ರಾಹಕರ ಮಾತಿನಲ್ಲಿ ಆಸಕ್ತಿಯಿಲ್ಲ.’ ಮುಂದಿನ ತಿಂಗಳು ನನ್ನ ಪ್ರಾತಿನಿಧ್ಯ ಮುಗಿಯಿತು. ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದದ್ದು ಆಗ.

ಈ ಸಲ ಯಾವ ಸಂಸ್ಥೆಯವರು ಕಳಿಸಿದ್ದಾರೋ ತಿಳಿಯದು. ಕಥೆ ಮಾತ್ರ ಚೆನ್ನಾಗಿ ಕಟ್ಟಿದ್ದೀರಿ. ಕಾರ್ಡು, ಡಯಾಲಿಸಿಸ್, ಅಜ್ಜಿ, ಬೆಲ್ಲ. ನಾನು ಪೂರ್ತಿ ನಂಬಿದ್ದೆ.

ತಮ್ಮ ವಿಶ್ವಾಸಿ,
ಕನಕಲಕ್ಷ್ಮಿ


ಬಂಡೂರು
೧೩ ಆಗಸ್ಟ್ ೨೦೨೫

ಮಾನ್ಯರೇ,

ನೀವು ಹೀಗೆ ತಿಳಿದುಕೊಳ್ಳಬಹುದು ಎಂದು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಐದು ಹೆಸರು ಇಟ್ಟುಕೊಂಡವಳು ಆರನೆಯದನ್ನು ನಿಜ ಎಂದರೆ ಯಾರು ನಂಬುತ್ತಾರೆ.

ನಿಮ್ಮಲ್ಲಿಗೆ ಬಂದವಳು ನಾನಲ್ಲ. ತೆರಿಗೆಯವರ ಕೆಲಸ ನನಗೆ ಯಾವತ್ತೂ ಬಂದಿಲ್ಲ. ಆದರೆ ಮದ್ದೂರಿನ ಪೆಟ್ರೋಲ್ ಬಂಕಿನವರೊಬ್ಬರ ಬಗ್ಗೆ ‘ಎಷ್ಟಕ್ಕೆ ಎಂದು ಎರಡು ಸಲ ಕೇಳಿದರು’ ಎಂದು ಬರೆದಿದ್ದೇನೆ. ವಯಸ್ಸಾದವರು. ಲಾರಿಗಳ ಸದ್ದು ಇತ್ತು. ನನ್ನ ದನಿಯೂ ಸಣ್ಣದು. ಈ ಮೂರನ್ನು ಬರೆಯುವ ಜಾಗ ಅಲ್ಲಿರಲಿಲ್ಲ, ನಾನೂ ಹುಡುಕಲಿಲ್ಲ.

ನಾನು ನಿಜವಾದ ಗ್ರಾಹಕಿ ಎಂದು ಹೇಗೆ ತೋರಿಸಲಿ ಎಂದು ಮೂರ್ನಾಲ್ಕು ದಿನ ಯೋಚಿಸಿದೆ. ಅಜ್ಜಿಯ ಆಸ್ಪತ್ರೆ ಚೀಟಿ ಕಳಿಸಬಹುದು. ಬೇರೆ ಯಾರದೋ ಚೀಟಿಯನ್ನೂ ತರಬಹುದು ಎಂದು ನೀವು ಹೇಳಬಹುದು. ಕೊನೆಗೆ ನಿಮಗೆ ಹೇಳದೆ ಬಿಟ್ಟಿದ್ದ ಒಂದು ವಿಷಯವೇ ಇದಕ್ಕೆ ಉತ್ತರ ಅನ್ನಿಸಿತು.

ಜೂನ್‌ನಲ್ಲಿ, ನಿಮ್ಮ ಮೊದಲ ಉತ್ತರ ಬಂದ ಮೇಲೆ, ಅಜ್ಜಿಯನ್ನು ಮೆಷಿನ್ನಿಗೆ ಹಾಕಿಸಿ ನಿಮ್ಮ ಬೀದಿಗೆ ಬಂದಿದ್ದೆ. ಎದುರಿನ ಜೆರಾಕ್ಸ್ ಅಂಗಡಿಯ ಹತ್ತಿರ ನಿಂತೆ. ನೀವು ಕಿಟಕಿಯ ಪಕ್ಕ ಕುಳಿತಿದ್ದಿರಿ. ಒಬ್ಬ ಯಜಮಾನರು ನಿಮ್ಮೆದುರು ಕುಳಿತು ಏನೋ ಹೇಳುತ್ತಿದ್ದರು. ನೀವು ಮುಂದಕ್ಕೆ ಬಾಗಿ ಅವರ ಬಾಯಿಯನ್ನೇ ನೋಡುತ್ತಿದ್ದಿರಿ. ಅವರು ಮುಖ ತಿರುಗಿಸಿದಾಗಲೆಲ್ಲ ನಿಮ್ಮ ಪೆನ್ನು ನಿಲ್ಲುತ್ತಿತ್ತು. ನಾನು ರಸ್ತೆ ದಾಟಿದೆ, ನಿಮ್ಮ ಮೂರು ಮೆಟ್ಟಿಲಲ್ಲಿ ಒಂದನ್ನು ಹತ್ತಿದೆ, ತಿರುಗಿ ಬಂದುಬಿಟ್ಟೆ. ಜೆರಾಕ್ಸಿನವನು, “ಯಾರ್ ಬೇಕಿತ್ತು ಕಣಮ್ಮ? ಅವ್ರು ಒಳ್ಗೇ ಅವ್ರೆ, ಓಗಿ” ಎಂದ. ಬೇಡ ಎಂದೆ.

ಕೆಲಸದ ಮೇಲೆ ಬಂದಿದ್ದರೆ ನಾನು ಒಳಗೆ ಬಂದಿರುತ್ತಿದ್ದೆ. ನಾಗಶ್ರೀಯಾಗಿ ಬಂದು ನಿಮ್ಮ ಮುಂದೆ ಕಾಲ ಮೇಲೆ ಕಾಲು ಹಾಕಿ ಕುಳಿತು ಫೀಸು ಕಡಿಮೆ ಮಾಡಿ ಎಂದೂ ಕೇಳಿರುತ್ತಿದ್ದೆ. ಕಂಪನಿ ಕಳಿಸಿದ ಯಾವ ಅಂಗಡಿಯ ಬಾಗಿಲಿನಿಂದಲೂ ನಾನು ಹಿಂದಿರುಗಿಲ್ಲ. ನನ್ನ ಸ್ವಂತ ಕೆಲಸಕ್ಕೆ ಹೋದರೆ ಮಾತ್ರ ಹೀಗಾಗುತ್ತದೆ. ಬ್ಯಾಂಕಿನಲ್ಲೂ ಹೀಗೆಯೇ, ಕಾಲೇಜಿನ ಕಚೇರಿಯಲ್ಲೂ ಹೀಗೆಯೇ ಇತ್ತು. ಇದಕ್ಕಿಂತ ಬೇರೆ ಸಾಕ್ಷಿ ನನ್ನಲ್ಲಿಲ್ಲ.

ಇದನ್ನು ಬರೆಯುವಾಗ ಅಜ್ಜಿ ಪಕ್ಕದಲ್ಲಿ ಅವರೆಕಾಳು ಆರಿಸುತ್ತಿದ್ದಾರೆ. “ಯಾರ್ಗೆ ಅಷ್ಟುದ್ದ ಬರೀತಿದ್ದೀಯೆ?” ಎಂದು ಕೇಳಿದರು. ಬೆಲ್ಲ ವಾಪಸು ಕಳಿಸಿದವರಿಗೆ ಎಂದೆ. “ಅವ್ರಿಗಾ? ಇನ್ನೂ ಬುಟ್ಟಿಲ್ವಾ ಅವ್ರನ್ನ ನೀನು” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಸಕ್ರೆ ಕಾಯ್ಲೆ ಇದ್ದದೇನೋ ಕಣೆ ಅವ್ರಿಗೆ. ಕೇಳ್ಬುಟ್ಟು ಕಳಿಸ್ಬೇಕಿತ್ತು ನಾವು” ಎಂದರು.

ನೀವು ಹೇಳಿದಂತೆ ಪೋರ್ಟಲಿನಿಂದ ವಾರ್ಷಿಕ ವಿವರ ತೆಗೆದು, ಬಿಲ್ಲುಗಳ ಜೊತೆ ಮತ್ತೆ ಇದರೊಂದಿಗೆ ಇಟ್ಟಿದ್ದೇನೆ. ಮನೆಯಲ್ಲಿ ಯಾರಿಗೆ ಎಷ್ಟು ಬರುತ್ತದೆ ಎಂಬುದನ್ನೂ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ಗಡುವಿಗೆ ಒಂದು ತಿಂಗಳಿದೆ.

ಮಂಜುಶ್ರೀ


ಮಂಡ್ಯ
೨೦ ಆಗಸ್ಟ್ ೨೦೨೫

ಮಂಜುಶ್ರೀ,

ಜೆರಾಕ್ಸಿನವನನ್ನು ವಿಚಾರಿಸಿದೆ. “ಒಂದ್ ಎಣ್ಮಗ ಬಂದು ಒಂದ್ ಮೆಟ್ಲತ್ತಿ ವಾಪಸ್ ಓಯ್ತು ಕಣಕ್ಕ, ಆಗ್ಲೇ ಏಳ್ಬೇಕಿತ್ತು ನಿಮ್ಗೆ” ಎಂದ. ಅವನ ಮಾತನ್ನೂ ಎರಡು ಸಲ ಕೇಳಿಸಿಕೊಂಡೆ.

ನೀನು ಎಂದು ಬರೆಯುತ್ತಿದ್ದೇನೆ. ನಿನಗಿಂತ ಮೂವತ್ತು ವರ್ಷ ದೊಡ್ಡವಳು.

ಬೆಲ್ಲದ ವಿಷಯ. ಸಂಶಯ ಬಂದ ಕಡತದ ಜೊತೆ ಏನೇ ಬಂದರೂ ಇಟ್ಟುಕೊಳ್ಳಬಾರದು ಎಂಬುದು ನನ್ನ ರೂಢಿ. ಕೆಲಸ ಕಲಿಸಿದವರು ಹೇಳಿಕೊಟ್ಟದ್ದು. ನಿಮ್ಮ ಮನೆಯಲ್ಲಿ ಅದನ್ನು ಹೇಗೆ ತಿಳಿದುಕೊಳ್ಳಬಹುದು ಎಂದು ನಾನು ಯೋಚಿಸಲಿಲ್ಲ. ಯೋಚಿಸದೆ ಇರಲು ನನಗೆ ಸಾಧ್ಯವಾಯಿತು, ನಿಮಗೆ ಆಗುವುದಿಲ್ಲ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಸಕ್ಕರೆ ಕಾಯಿಲೆ ಇಲ್ಲ.

ಈಗ ಕೆಲಸ. ಕಂಪನಿಯ ವಿವರವೂ ಬಿಲ್ಲುಗಳೂ ತಾಳೆಯಾಗುತ್ತವೆ. ನಿನ್ನ ಶುಲ್ಕ ಎಂಬತ್ತೆಂಟು ಸಾವಿರ. ಉಳಿದದ್ದೆಲ್ಲ ವಸ್ತುವಿನ ಬೆಲೆ, ಅದನ್ನು ಖರ್ಚಾಗಿ ತೋರಿಸಿದ್ದೇನೆ. ಮಳವಳ್ಳಿಯಿಂದ ಓಡಾಡಿದ ಬಸ್ ಚಾರ್ಜನ್ನೂ ಕಳೆಯಬಹುದಿತ್ತು, ಟಿಕೆಟ್ ಇಟ್ಟುಕೊಂಡಿಲ್ಲ ನೀನು. ಮುಂದಿನ ವರ್ಷ ಇಟ್ಟುಕೋ. ತೆರಿಗೆ ಸೊನ್ನೆ. ಹಿಡಿದ ಹಣ ಪೂರ್ತಿ ವಾಪಸು ಬರುತ್ತದೆ. ರಿಟರ್ನ್ ಸಿದ್ಧವಿದೆ.

ಆದರೆ ನೀನು ನನ್ನ ಹತ್ತಿರ ಬಂದದ್ದು ಕಾರ್ಡಿಗಾಗಿ. ಅದನ್ನು ಮುಚ್ಚಿಟ್ಟು ಕೆಲಸ ಮುಗಿಯಿತು ಎನ್ನಲಾರೆ. ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಕಾರ್ಡು ಹೋಗುತ್ತದೆ ಎಂದು ಲಿಂಗಯ್ಯ ಹೇಳುವುದು ಪೂರ್ತಿ ನಿಜವಲ್ಲ. ನೋಡುವುದು ಮನೆಯವರೆಲ್ಲರ ಒಟ್ಟು ಆದಾಯ, ಅದಕ್ಕೆ ಮಿತಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ನಿಮ್ಮ ತಂದೆಯ ಕುರಿಗಳಿಂದ ಬರುವುದು, ಶಿವರಾಮುವಿನ ಆಟೋದಿಂದ ಬರುವುದು, ನೀನು ಬರೆದುಕೊಟ್ಟ ಪ್ರಕಾರ, ಹೇಗೋ ಅದರೊಳಗೆ ನಿಲ್ಲುತ್ತದೆ. ನಿನ್ನ ಎಂಬತ್ತೆಂಟು ಸಾವಿರ ಸೇರಿದರೆ ನಿಲ್ಲುವುದಿಲ್ಲ. ಇದು ಈಗ ಸುಳ್ಳು ಅಂಕಿಯಲ್ಲ, ನಿಜವಾದ ಅಂಕಿ. ಯಾರಾದರೂ ಪರಿಶೀಲನೆಗೆ ಬಂದರೆ ಕಾರ್ಡು ಹೋಗಬಹುದು.

ಬಹಳ ಜನ ಏನು ಮಾಡುತ್ತಾರೆ ಎಂಬುದು ನಿನಗೂ ಗೊತ್ತಿರುತ್ತದೆ. ದುಡಿಯುವವರ ಹೆಸರನ್ನು ಕಾರ್ಡಿನಿಂದ ತೆಗೆಸುತ್ತಾರೆ, ಅದೇ ಮನೆಯಲ್ಲಿ ಅದೇ ಒಲೆಯ ಊಟ ಮಾಡುತ್ತಾರೆ. ಅದು ಕಾಗದದ ಮೇಲಿನ ಸುಳ್ಳು. ನಾನು ಸಲಹೆ ಕೊಡುವುದಿಲ್ಲ. ಆಸ್ಪತ್ರೆಯ ವಿಷಯವಾದ್ದರಿಂದ ಬೇಡ ಎನ್ನುವ ಧೈರ್ಯವೂ ನನಗಿಲ್ಲ.

ರಿಟರ್ನಿನಲ್ಲಿ ಈಗಿನ ವಾಸದ ವಿಳಾಸ ಬೇಕು. ಬಂಡೂರಿನದೇ ತಾನೇ? ಒಂದು ಸಾಲು ಬರೆದರೆ ಕಳಿಸಿಬಿಡುತ್ತೇನೆ.

ಕನಕಲಕ್ಷ್ಮಿ


ಬಂಡೂರು
೩ ಸೆಪ್ಟೆಂಬರ್ ೨೦೨೫

ಪ್ರೀತಿಯ ಮೇಡಂ,

ಒಂದು ಸಾಲು ಬರೆಯಲು ಎರಡು ವಾರ ಬೇಕಾಯಿತು.

ನಿಮ್ಮ ನಮಸ್ಕಾರವನ್ನು ಅಜ್ಜಿಗೆ ತಿಳಿಸಿದೆ. “ಸಕ್ರೆ ಕಾಯ್ಲೆ ಇಲ್ವಂತಾ? ಅಂಗಾದ್ರೆ ಸಂಕ್ರಾಂತೀಲಿ ಒಸ ಬೆಲ್ಲ ಕಳ್ಸನ. ಆಗ್ಲೂ ವಾಪಸ್ ಕಳ್ಸಿದ್ರೆ ನಾನೇ ಓಯ್ತೀನಿ ಅವ್ರ ಮನೇಗೆ” ಎಂದರು. ಅಜ್ಜಿಗೆ ಸಂಕ್ರಾಂತಿಯ ಲೆಕ್ಕ ಇದೆ. ಡಾಕ್ಟರು ಅಷ್ಟು ಮುಂದಿನ ಮಾತಾಡುವುದಿಲ್ಲ. ವಾರಕ್ಕೆ ಎರಡು ಸಲ ತಪ್ಪಿಸಬೇಡಿ, ಉಳಿದದ್ದು ಆಮೇಲೆ ನೋಡೋಣ ಎನ್ನುತ್ತಾರೆ.

ಹೋದ ಶನಿವಾರ ಲಿಂಗಯ್ಯನವರ ಅಂಗಡಿಗೆ ಸಾಲಿಲ್ಲದ ಹೊತ್ತು ನೋಡಿ ಹೋದೆ. ಕಾರ್ಡಿನಿಂದ ಹೆಸರು ತೆಗೆಸಲು ಏನೇನು ಬೇಕು ಎಂದು ಕೇಳಿದೆ.

“ಯಾರ್ದವ್ವ?”

“ನನ್ದು.”

“ಮದ್ವೆ ಗೊತ್ತಾಯ್ತಾ? ನಿಮ್ಮಪ್ಪ ಸಿದ್ದರಾಮಣ್ಣ ಏಳ್ಲೇ ಇಲ್ವಲ್ಲ ನಂಗೆ. ಯಾವೂರ್ ಗಂಡು?”

“ಮದ್ವೆ ಇಲ್ಲ.”

ಅವರು ತೂಕದ ಕಲ್ಲನ್ನು ಪಕ್ಕಕ್ಕಿಟ್ಟರು. “ನೋಡವ್ವ, ಎಣ್ಮಕ್ಳ ಎಸ್ರು ಕಾರ್ಡಿಂದ ಓಗದು ಎಲ್ಡೇ ತರ. ಇಲ್ಲ ಮದ್ವೆ ಆಗಿರ್ಬೇಕು, ಇಲ್ಲ ಸತ್ತೋಗಿರ್ಬೇಕು. ನೀನ್ ನೋಡುದ್ರೆ ಎದುರ್ಗೇ ನಿಂತಿದ್ದೀಯ.”

“ಬೇರೆ ಊರಲ್ಲಿ ಇದ್ರೆ?”

“ಇದ್ರೆ ಬಾಡ್ಗೆ ಕರಾರು ಬೇಕು, ಆಧಾರಲ್ಲಿ ಅಡ್ರಸ್ ಬದ್ಲಾಗಿರ್ಬೇಕು. ಅಲ್ಲ ಕಣವ್ವ, ಮನೇಲಿ ಏನಾರ ಜಗ್ಳ ಆಯ್ತಾ?”

ಜಗಳ ಇಲ್ಲ ಎಂದೆ. ಅವರು ನಂಬಲಿಲ್ಲ. ಇಷ್ಟರಲ್ಲಿ ಊರಿನ ಅರ್ಧ ಜನಕ್ಕೆ ಯಾವುದೋ ಜಗಳದ ಕಥೆ ಮುಟ್ಟಿರುತ್ತದೆ.

ಕಾಗದದ ಮೇಲಿನ ಸುಳ್ಳು ಎಂದು ನೀವು ಬರೆದ ಮಾತನ್ನು ಯೋಚಿಸಿದೆ. ಅಂಗಡಿಗಳಲ್ಲಿ ನಾನು ಹೇಳಿದ ಸುಳ್ಳುಗಳಿಂದ ಯಾರಿಗೂ ಏನೂ ಆಗಲಿಲ್ಲ ಎಂದುಕೊಂಡಿದ್ದೆ. ಕೊನೆಗೆ ನನ್ನದೇ ಹಣವನ್ನು ನನ್ನದು ಎಂದು ತೋರಿಸಲು ಮೂರು ತಿಂಗಳು ಬೇಕಾಯಿತು. ಅಜ್ಜಿಯ ವಿಷಯದಲ್ಲಿ ಅಂಥದ್ದು ಇನ್ನೊಂದು ಬೇಡ. ಯಾರೋ ಒಂದು ದಿನ ಬಂದು, ಹುಡುಗಿ ಇಲ್ಲೇ ಉಣ್ಣುತ್ತಾಳಲ್ಲ ಎಂದರೆ ಅಜ್ಜಿಯ ಕಾರ್ಡೇ ಹೋಗುತ್ತದೆ. ಕೆಲಸ ಬಿಡಬಹುದಿತ್ತು. ಬಿಟ್ಟರೆ ಅಜ್ಜಿಯ ಇಂಜೆಕ್ಷನ್ನಿಗೆ ಹೊರಗೆ ಚೀಟಿ ಬರೆದಾಗ ಕೊಡುವವರು ಯಾರೂ ಇಲ್ಲ. ಈವರೆಗೆ ಕೊಟ್ಟದ್ದು ನಾನೇ. ಅದನ್ನು ಟ್ಯೂಷನ್ ಹಣ ಎಂದು ಮನೆಯವರು ತಿಳಿದಿದ್ದಾರೆ.

ನಿನ್ನೆ ಮದ್ದೂರಿನಲ್ಲಿ ಒಂದು ಕೋಣೆ ನೋಡಿದೆ. ಶಿವಪುರದಲ್ಲಿ, ಸತ್ಯಾಗ್ರಹ ಸೌಧದ ಹಿಂದಿನ ಬೀದಿ. ಮನೆಯವರು ನಿವೃತ್ತ ಟೀಚರು. ಒಂದು ಕೋಣೆ, ಒಂದು ಸಿಂಕು, ಗ್ಯಾಸ್ ಒಲೆ ಇಡಲು ಕಲ್ಲು. ಹೆಸರು ಕೇಳಿದರು. ಹೇಳಿದೆ. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹೇಳಿದೆ. ಏನು ಕೆಲಸ ಎಂದರು. ಅಂಗಡಿಗಳಿಗೆ ಹೋಗಿ ಹೇಗಿವೆ ಎಂದು ಬರೆದು ಕೊಡುತ್ತೇನೆ ಎಂದೆ. “ಅದಕ್ಕೂ ದುಡ್ಡು ಕೊಡ್ತಾರಾ?” ಎಂದು ಕೇಳಿ, ಇಲ್ಲಿಯ ಹಾಲಿನ ಬೂತಿನ ಬಗ್ಗೆ ಮೊದಲು ಬರೆಯಬೇಕು ನೀನು ಎಂದರು. ಮುಂಗಡ ಕೊಟ್ಟು ಕರಾರಿಗೆ ಸಹಿ ಹಾಕಿ ಬಂದಿದ್ದೇನೆ. ಹದಿನಾಲ್ಕನೇ ತಾರೀಖು, ಭಾನುವಾರ, ಹೋಗಿ ಇರುತ್ತೇನೆ.

ಇನ್ನು ಮೇಲೆ ಅವ್ವ ಅಜ್ಜಿಯನ್ನು ಮಳವಳ್ಳಿಯಲ್ಲಿ ಬಸ್ಸು ಹತ್ತಿಸಬೇಕು. ಮದ್ದೂರಿನಲ್ಲಿ ನಾನು ಅದೇ ಬಸ್ಸು ಹತ್ತುತ್ತೇನೆ. ಅಲ್ಲಿಂದ ಮಂಡ್ಯದವರೆಗೆ ಮೊದಲಿನಂತೆಯೇ.

ಮನೆಯಲ್ಲಿ ಇನ್ನೂ ಹೇಳಿಲ್ಲ. ನಾಳೆ ಗುರುವಾರ, ಹೋಗುವಾಗ ಬಸ್ಸಿನಲ್ಲಿ ಅಜ್ಜಿಗೆ ಮೊದಲು ಹೇಳುತ್ತೇನೆ. ಕಾರ್ಡಿನ ಮಾತೆತ್ತುವುದಿಲ್ಲ. ಕೆಲಸಕ್ಕೆ ಹತ್ತಿರವಾಗುತ್ತದೆ ಎನ್ನುತ್ತೇನೆ, ಅದೂ ನಿಜವೇ. ಅಜ್ಜಿ ಮೊದಲು ಒಲೆಯ ಬಗ್ಗೆ ಕೇಳುತ್ತಾರೆ, ಆಮೇಲೆ ಅಕ್ಕಪಕ್ಕ ಯಾರಿದ್ದಾರೆ ಎಂದು ಕೇಳುತ್ತಾರೆ.

ರಿಟರ್ನನ್ನು ಹದಿನಾಲ್ಕರವರೆಗೆ ತಡೆಯಿರಿ. ಹದಿನೈದು ಸೋಮವಾರ, ಅಜ್ಜಿಯನ್ನು ಮೆಷಿನ್ನಿಗೆ ಹಾಕಿಸಿ ನಿಮ್ಮಲ್ಲಿಗೆ ಬರುತ್ತೇನೆ. ವಿಳಾಸದ ಜಾಗದಲ್ಲಿ ಮದ್ದೂರಿನದನ್ನು ಬರೆಯಿರಿ. ಅಷ್ಟು ಹೊತ್ತಿಗೆ ಅದು ನಿಜವಾಗಿರುತ್ತದೆ.

ಮಂಜುಶ್ರೀ